ಎಸ್‌ಡಿಬಿ ಯಾರ ಡಿಸ್ಕು?

ಮೂಡಲಗಿ ಸೀಮೆಯ ಯಾವುದಾದರೂ ಹೊಲದ ಹತ್ತು ವರ್ಷ ಹಿಂದಿನ ಉತಾರ ತೆಗೆದು ನೋಡಿ, ತಾಲ್ಲೂಕು ಗೋಕಾಕ ಎಂದಿರುತ್ತದೆ. ಇವತ್ತು ತೆಗೆಸಿದ ಉತಾರದಲ್ಲಿ ಅದೇ ಹೊಲ ಮೂಡಲಗಿ ತಾಲ್ಲೂಕಿನದು. 2018ರಲ್ಲಿ ಗೋಕಾಕದಿಂದ ಒಡೆದು ಮೂಡಲಗಿ ಬೇರೆ ತಾಲ್ಲೂಕಾಯಿತು. ಹೊಲದ ಬದು ಮಾತ್ರ ಇದ್ದಲ್ಲೇ ಇದೆ, ಸರ್ವೆ ನಂಬರೂ ಅದೇ. 2011ರ ಜನಗಣತಿಯ ಪಟ್ಟಿ ಹಿಡಿದು ಕೂತವರಿಗೆ ಮೂಡಲಗಿ ಎಂಬ ತಾಲ್ಲೂಕೇ ಸಿಗುವುದಿಲ್ಲ. ಪಕ್ಕದ ಹುಕ್ಕೇರಿಯದು ಇನ್ನೊಂದು ಬಗೆ. ಅಲ್ಲಿ ಮನೆಗಳಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಈ ಬಗೆಯ ಸಂಘ ಅದೊಂದೇ. ಬಿಲ್ಲಿನ ಮೇಲೆ ಆರ್.ಆರ್. ನಂಬರು ಇರುತ್ತದೆ, ಮೀಟರಿನ ಮೈಮೇಲೆ ಅದನ್ನು ತಯಾರಿಸಿದವರು ಹಾಕಿದ ಬೇರೆಯೇ ನಂಬರು. ಮೀಟರ್ ಸುಟ್ಟು ಹೊಸದು ಕೂಡಿಸಿದರೆ ಎರಡನೆಯದು ಬದಲಾಗುತ್ತದೆ, ಮೊದಲನೆಯದು ಉಳಿಯುತ್ತದೆ. ಯಾವ ಆರ್.ಆರ್. ನಂಬರಿಗೆ ಸದ್ಯ ಯಾವ ಮೀಟರು ಎಂಬ ಜೋಡಿ ತಪ್ಪಿದರೆ ಒಬ್ಬರ ಕರೆಂಟಿಗೆ ಇನ್ನೊಬ್ಬರು ದುಡ್ಡು ಕಟ್ಟಬೇಕಾಗುತ್ತದೆ.

ಕಂಪ್ಯೂಟರುಗಳಲ್ಲಿ ಇಂಥದೇ ಒಂದು ಜೋಡಿಯ ತಕರಾರಿದೆ. ಅಲ್ಲಿ ಜೋಡಿ ತಪ್ಪಿದರೆ ಬಿಲ್ಲು ತಿದ್ದಿಸಿಕೊಂಡು ಸುಮ್ಮನಾಗುವಂತಿಲ್ಲ, ಡೇಟಾವೇ ಹೋಗುತ್ತದೆ. ನೆಟ್‌ವರ್ಕಿನ ಮೂಲಕ ಬರುವ ಡಿಸ್ಕಿಗೆ ಸ್ಟೋರೇಜ್ ಕಡೆಯವರು ಇಟ್ಟ ಹೆಸರು ಒಂದು, ಸರ್ವರ್ ತನ್ನೊಳಗೆ ಅದಕ್ಕೆ ಕೊಟ್ಟುಕೊಂಡ ಹೆಸರು ಇನ್ನೊಂದು. ಇವೆರಡನ್ನು ಕೂಡಿಸುವುದು ಹೇಗೆ ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷಗಳಲ್ಲಿ ಹಲವರು ಹಲವು ಉತ್ತರ ಕೊಟ್ಟಿದ್ದಾರೆ. ಎಲ್ಲವೂ ಅರ್ಧ ಸರಿ.

ಮೊದಲು ಏರ್ಪಾಡು ಏನೆಂದು ನೋಡೋಣ. ಹಾರ್ಡ್‌ಡಿಸ್ಕಿನ ಜೊತೆ ಕಂಪ್ಯೂಟರ್ ಆಡುವ ಹಳೆಯ ಭಾಷೆಗಳಲ್ಲಿ ಸ್ಕಸಿ ಒಂದು. ಅದೇ ಮಾತನ್ನು ಕೇಬಲ್ಲಿನ ಬದಲು ಮಾಮೂಲಿ ಈಥರ್ನೆಟ್ ಮೇಲೆ, ಟಿಸಿಪಿ ಪ್ಯಾಕೆಟ್ಟುಗಳೊಳಗೆ ಕಟ್ಟಿ ಕಳಿಸುವ ಪದ್ಧತಿಯೇ ಐಸ್ಕಸಿ. ಐಬಿಎಂನ ಜೂಲಿಯನ್ ಸತ್ರಾನ್ ಮತ್ತು ಸಂಗಡಿಗರು ಬರೆದ ಇದರ ನಿಯಮಾವಳಿ 2004ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 3720 ಎಂದು ಪ್ರಕಟವಾಯಿತು. 2014ರಲ್ಲಿ ಆರ್‌ಎಫ್‌ಸಿ 7143 ಅದರ ಜಾಗಕ್ಕೆ ಬಂತು. ಡಿಸ್ಕ್ ಕೊಡುವ ಪೆಟ್ಟಿಗೆಯ ಕಡೆ ಟಾರ್ಗೆಟ್, ಬಳಸುವ ಸರ್ವರಿನ ಕಡೆ ಇನಿಶಿಯೇಟರ್. ಟಾರ್ಗೆಟ್ ಸಾಮಾನ್ಯವಾಗಿ 3260ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಒಂದೇ ಟಾರ್ಗೆಟ್ ಹಲವು ಡಿಸ್ಕ್‌ಗಳನ್ನು ಕೊಡಬಹುದು. ಒಂದೊಂದಕ್ಕೂ ಲನ್ ಎಂಬ ನಂಬರು, ಸೊನ್ನೆಯಿಂದ ಮೇಲಕ್ಕೆ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಬಹಳ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ: ಟಾರ್ಗೆಟ್‌ನ ಹೆಸರು ಡಿಸ್ಕಿನ ಹೆಸರಲ್ಲ. ಡಿಸ್ಕ್ ಎಲ್ಲಿಂದ ಬಂತು ಎಂದಷ್ಟೇ ಅದು ಹೇಳುತ್ತದೆ.

ಆ ಹೆಸರಿನ ರಚನೆ ಜಾಣತನದ್ದು. ಐಕ್ಯೂಎನ್ ಎಂಬ ಮೂರಕ್ಷರದಿಂದ ಶುರು, ಆಮೇಲೆ ವರ್ಷ ಮತ್ತು ತಿಂಗಳು, ಆಮೇಲೆ ಹಿಂದುಮುಂದು ಮಾಡಿದ ಡೊಮೈನ್ ಹೆಸರು, ಒಂದು ಕೋಲನ್, ಅದರಾಚೆ ಮಾಲೀಕರು ತಮಗೆ ಬೇಕಾದದ್ದನ್ನು ಬರೆದುಕೊಳ್ಳಬಹುದು. ಒಟ್ಟು 223 ಬೈಟ್ ಮೀರುವಂತಿಲ್ಲ. ಸಿನಾಲಜಿಯ ಪೆಟ್ಟಿಗೆ ತನ್ನಷ್ಟಕ್ಕೆ ಇಟ್ಟುಕೊಳ್ಳುವ ಹೆಸರು ಐಕ್ಯೂಎನ್.2000-01.ಕಾಮ್.ಸಿನಾಲಜಿ ಎಂದು ತೊಡಗುತ್ತದೆ, ಕ್ಯೂನ್ಯಾಪ್‌ನದು 2004-04 ಎಂದು, ವಿಂಡೋಸ್ ಯಂತ್ರದ ಇನಿಶಿಯೇಟರ್ ಹೆಸರು 1991-05 ಎಂದು. ಆ ತಾರೀಖನ್ನು ಪೆಟ್ಟಿಗೆ ಕೊಂಡ ದಿನವೆಂದೋ ಸಾಫ್ಟ್‌ವೇರ್ ಹುಟ್ಟಿದ ದಿನವೆಂದೋ ತಿಳಿಯುವವರಿದ್ದಾರೆ. ಅದು ಹೇಳುವುದು ಆ ಡೊಮೈನ್ ಯಾವಾಗ ಆ ಒಡೆಯರ ಕೈಯಲ್ಲಿತ್ತು ಎಂಬುದನ್ನು. ಮೈಕ್ರೋಸಾಫ್ಟ್ ತನ್ನ ಡೊಮೈನ್ ನೋಂದಾಯಿಸಿದ್ದು 1991ರ ಮೇ ತಿಂಗಳಲ್ಲಿ. ಡೊಮೈನ್ ಮಾರಾಟವಾಗುತ್ತದೆ, ಅವಧಿ ಮುಗಿದು ಇನ್ನೊಬ್ಬರ ಪಾಲಾಗುತ್ತದೆ. ಹೊಸ ಒಡೆಯ ಕೊಟ್ಟ ಹೆಸರು ಹಳೆಯ ಒಡೆಯ ಕೊಟ್ಟಿದ್ದಕ್ಕೆ ಡಿಕ್ಕಿ ಹೊಡೆಯಬಾರದೆಂದು ತಾರೀಖು ಸೇರಿಸಿದರು. ಗೋಕಾಕ ತಾಲ್ಲೂಕು ಎಂದು ಬರೆದ ಖರೀದಿಪತ್ರವನ್ನು ಓದುವ ವಕೀಲರು ಅದು 2018ರ ಹಿಂದಿನದೋ ಮುಂದಿನದೋ ಎಂದು ಮೊದಲು ನೋಡುವುದೂ ಇದೇ ಕಾರಣಕ್ಕೆ.

ಇತ್ತ ಸರ್ವರಿನ ಒಳಗೆ ಇಷ್ಟು ಜಾಣತನವಿಲ್ಲ. ಲಿನಕ್ಸ್ ಕರ್ನಲ್ ಡಿಸ್ಕ್‌ಗಳಿಗೆ ಬಂದ ಸರದಿಯ ಮೇಲೆ ಹೆಸರು ಹಂಚುತ್ತದೆ: ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ, ಇಪ್ಪತ್ತಾರು ಮುಗಿದರೆ ಎಸ್‌ಡಿಎಎ. ಒಳಗಿನ ಡಿಸ್ಕ್‌ಗಳಾದರೆ ಸರದಿ ಹೆಚ್ಚು ಕಡಿಮೆ ಅದೇ ಉಳಿಯುತ್ತಿತ್ತು, ಹೊಸ ಕರ್ನಲ್‌ಗಳಲ್ಲಿ ಅದಕ್ಕೂ ಖಾತ್ರಿಯಿಲ್ಲ. ನೆಟ್‌ವರ್ಕ್ ಡಿಸ್ಕ್‌ಗಳಿಗಂತೂ ಯಾವ ಟಾರ್ಗೆಟ್ ಮೊದಲು ಉತ್ತರ ಕೊಟ್ಟಿತು ಎಂಬುದೇ ಸರದಿ. ಕರೆಂಟ್ ಹೋಗಿ ಬಂತು ಎನ್ನಿ. ಸರ್ವರ್ ಒಂದು ಯುಪಿಎಸ್ ಮೇಲೆ, ಎರಡು ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಒಂದು ಮಾತ್ರ ಅದೇ ಯುಪಿಎಸ್ ಮೇಲೆ. ನಿನ್ನೆ ಎಸ್‌ಡಿಬಿ ಎಂದಿದ್ದದ್ದು ಇವತ್ತು ಎಸ್‌ಡಿಸಿ ಆಗಿರುತ್ತದೆ. ಇದನ್ನು ಅರಿಯದೆ ಎಸ್‌ಡಿಬಿಯನ್ನು ಫಾರ್ಮ್ಯಾಟ್ ಮಾಡು ಎಂದು ಬರೆದಿಟ್ಟ ಸ್ಕ್ರಿಪ್ಟ್ ಓಡಿದರೆ ಅದು ಹೇಳಿದಂತೆಯೇ ಮಾಡುತ್ತದೆ.

ಕ್ಲಸ್ಟರ್ ಕಟ್ಟುವವರಿಗೆ ಈ ತಲೆನೋವು ಎಲ್ಲರಿಗಿಂತ ಮೊದಲು ಬಂತು. ಎರಡು ಸರ್ವರುಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳುವ ಒರಾಕಲ್ ರ‍್ಯಾಕ್‌ನಂಥ ಡೇಟಾಬೇಸಿನಲ್ಲಿ, ಒಂದು ಸರ್ವರಿಗೆ ಎಸ್‌ಡಿಬಿ ಆದದ್ದು ಇನ್ನೊಂದಕ್ಕೆ ಎಸ್‌ಡಿಡಿ ಆಗಬಹುದು. ಅಷ್ಟರಲ್ಲಿ, 2003ರಲ್ಲಿ, ಗ್ರೆಗ್ ಕ್ರೋ-ಹಾರ್ಟ್‌ಮನ್ ಯುಡೆವ್ ಎಂಬ ಪ್ರೋಗ್ರಾಂ ಬರೆದಿದ್ದರು. ಡಿವೈಸ್ ಬಂದೊಡನೆ ಕರ್ನಲ್ ಕೂಗಿ ಹೇಳುತ್ತದೆ, ಯುಡೆವ್ ನಿಯಮ ನೋಡಿ ಬೇಕಾದ ಹೆಸರಿನ ಕೊಂಡಿ ಹಾಕುತ್ತದೆ. ರ‍್ಯಾಕ್ ಕಟ್ಟುವವರು ಇದನ್ನು ಹಿಡಿದುಕೊಂಡು ಹತ್ತಿಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದರು: ಹೊಸ ಡಿಸ್ಕ್ ಯಾವ ಸೆಷನ್ನಿನದು, ಅಂದರೆ ಟಾರ್ಗೆಟ್ ಜೊತೆಗಿನ ಯಾವ ಸಂಪರ್ಕದ್ದು, ಎಂದು ಕರ್ನಲ್ ತನ್ನ ವಿವರ ತೆರೆದಿಡುವ ಸಿಸ್‌ಎಫ್‌ಎಸ್‌ನಲ್ಲಿ ಹುಡುಕು, ಆ ಸೆಷನ್ನಿನ ಟಾರ್ಗೆಟ್ ಹೆಸರು ಓದು, ಕೋಲನ್ ಆಚೆಗಿನ ತುಂಡನ್ನು ಕತ್ತರಿಸಿ ತೆಗೆ, ಆ ಹೆಸರಿನ ಕೊಂಡಿ ಹಾಕು. ಎಷ್ಟೋ ವರ್ಷ ಈ ಸ್ಕ್ರಿಪ್ಟ್ ಕೈಯಿಂದ ಕೈಗೆ ದಾಟಿತು. ಅದರಲ್ಲಿ ಒಂದು ಊಹೆ ಅಡಗಿತ್ತು, ಒಂದು ಟಾರ್ಗೆಟ್ಟಿಗೆ ಒಂದೇ ಲನ್ ಎಂದು. ಎರಡನೆಯ ಲನ್ ಸೇರಿಸಿದ ದಿನ ಎರಡು ಡಿಸ್ಕ್‌ಗಳು ಒಂದೇ ಹೆಸರಿಗೆ ಜಗಳವಾಡುತ್ತಿದ್ದವು, ಕೊನೆಗೆ ಬಂದದ್ದು ಗೆಲ್ಲುತ್ತಿತ್ತು.

ಈಗ ಆ ಸ್ಕ್ರಿಪ್ಟ್ ಯಾರಿಗೂ ಬೇಕಿಲ್ಲ. ಯುಡೆವ್ ತಾನಾಗಿಯೇ ಡಿಸ್ಕ್ ಫೋಲ್ಡರಿನ ಕೆಳಗೆ ಹಲವು ಬಗೆಯ ಕೊಂಡಿ ಹಾಕಿಕೊಡುತ್ತದೆ. ಟಾರ್ಗೆಟ್ ಹೆಸರಿನಿಂದ ಡಿಸ್ಕ್ ಹುಡುಕಬೇಕಾದರೆ ಬೈ-ಪಾತ್ ನೋಡಬೇಕು. ಅಲ್ಲಿನ ಹೆಸರಿನಲ್ಲಿ ಐಪಿ ವಿಳಾಸ, ಪೋರ್ಟ್, ಪೂರ್ತಿ ಐಕ್ಯೂಎನ್, ಕೊನೆಯಲ್ಲಿ ಲನ್ ನಂಬರು ಸಾಲಾಗಿ ಇರುತ್ತವೆ, ಕೊಂಡಿ ಎಸ್‌ಡಿಬಿಯನ್ನೋ ಎಸ್‌ಡಿಸಿಯನ್ನೋ ತೋರಿಸುತ್ತದೆ. ಐಸ್ಕಸಿಅಡ್ಮ್ ಕಮಾಂಡಿಗೆ ಸೆಷನ್ ವಿವರವನ್ನು ಮೂರನೇ ಮಟ್ಟದಲ್ಲಿ ಕೇಳಿದರೆ ಪ್ರತಿ ಟಾರ್ಗೆಟ್‌ನ ಕೆಳಗೆ ಅದರ ಲನ್‌ಗಳು, ಅವಕ್ಕೆ ಅಂಟಿದ ಡಿಸ್ಕ್ ಹೆಸರುಗಳು ಬರುತ್ತವೆ. ಎಲ್ಎಸ್‌ಸ್ಕಸಿಗೆ ಟ್ರಾನ್ಸ್‌ಪೋರ್ಟ್ ತೋರಿಸು ಎಂದರೆ ಅದೇ ಉತ್ತರ ಚಿಕ್ಕದಾಗಿ. ಯಾವ ದಾರಿ ಹಿಡಿದರೂ ಮೂಲ ಒಂದೇ, ಕರ್ನಲ್ ಸಿಸ್‌ಎಫ್‌ಎಸ್‌ನಲ್ಲಿ ತೆರೆದಿಟ್ಟ ಮರ: ಸೆಷನ್, ಅದರ ಕೆಳಗೆ ಟಾರ್ಗೆಟ್, ಅದರ ಕೆಳಗೆ ನಾಲ್ಕು ಅಂಕಿಯ ಸ್ಕಸಿ ವಿಳಾಸ, ಅದರ ಕೆಳಗೆ ಬ್ಲಾಕ್ ಎಂಬ ಫೋಲ್ಡರು, ಅದರೊಳಗೆ ಎಸ್‌ಡಿಬಿ. ಈ ಜೋಡಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ನಾನು ವಿರೋಧಿ. ಅದನ್ನು ಬೇಕಾದಾಗಲೆಲ್ಲ ಕರ್ನಲ್ಲನ್ನೇ ಕೇಳಬೇಕು, ಕೇಳಲು ಒಂದು ಸೆಕೆಂಡು ಹಿಡಿಯುವುದಿಲ್ಲ.

ಆದರೆ ಬೈ-ಪಾತ್‌ನಲ್ಲಿ ಐಪಿ ವಿಳಾಸ ಇದೆ ಎಂಬುದನ್ನು ಗಮನಿಸಿ. ಪೆಟ್ಟಿಗೆಯ ಐಪಿ ಬದಲಿಸಿದರೆ ಹೆಸರು ಹೋಯಿತು. ಅದೇ ಲನ್ನಿಗೆ ಎರಡು ನೆಟ್‌ವರ್ಕ್ ಕಾರ್ಡ್‌ಗಳಿಂದ ಎರಡು ದಾರಿ ಇದ್ದರೆ ಒಂದೇ ಡಿಸ್ಕ್ ಎರಡಾಗಿ, ಎಸ್‌ಡಿಬಿ ಮತ್ತು ಎಸ್‌ಡಿಸಿ ಎಂದು ಕಾಣುತ್ತದೆ. ಎರಡೂ ಬೇರೆ ಎಂದು ನಂಬಿ ಅವುಗಳ ಮೇಲೆ ರೇಡ್ ಕಟ್ಟಿದರೆ ಡೇಟಾ ಕೆಡುವುದು ಖಂಡಿತ. ಇಲ್ಲಿ ಬೇಕಾದದ್ದು ಡಿಸ್ಕ್ ತಾನೇ ತನ್ನ ಬಗ್ಗೆ ಹೇಳಿಕೊಳ್ಳುವ ಗುರುತು. ಸ್ಕಸಿಯಲ್ಲಿ ಅದಕ್ಕೊಂದು ಪುಟವಿದೆ, ಹೆಕ್ಸಾಡೆಸಿಮಲ್ 83 ಎಂಬ ಪುಟ. ಅದನ್ನು ಕೇಳಿದರೆ ಡಿಸ್ಕ್ ತನ್ನ ಜಾಗತಿಕ ಗುರುತನ್ನು ಕೊಡುತ್ತದೆ. ಅದರಲ್ಲಿ ಸಾಮಾನ್ಯವಾಗಿ ತಯಾರಕರಿಗೆ ಐಇಇಇ ಹಂಚಿದ ಸಂಖ್ಯೆಯೂ ಸೇರಿರುತ್ತದೆ. ಬೈ-ಐಡಿ ಕೊಂಡಿಗಳು ಹುಟ್ಟುವುದು ಇದರಿಂದ. ಮಲ್ಟಿಪಾತ್ ಪ್ರೋಗ್ರಾಂ ಒಂದೇ ಗುರುತು ಹೇಳುವ ದಾರಿಗಳನ್ನೆಲ್ಲ ಕೂಡಿಸಿ ಒಂದೇ ಡಿಸ್ಕಾಗಿ ತೋರಿಸುವುದೂ ಇದನ್ನು ನಂಬಿಕೊಂಡೇ.

ಆ ನಂಬಿಕೆ ಎಷ್ಟರ ಮಟ್ಟಿಗೆ? ಲಿನಕ್ಸಿನಲ್ಲಿ ಬಹಳ ಬಳಕೆಯಲ್ಲಿದ್ದ ಟಿಜಿಟಿ ಎಂಬ ಉಚಿತ ಟಾರ್ಗೆಟ್ ಸಾಫ್ಟ್‌ವೇರ್ ಇದೆ. ಏನೂ ಹೇಳದೆ ಬಿಟ್ಟರೆ ಅದು ಡಿಸ್ಕಿನ ಗುರುತನ್ನು ತನ್ನೊಳಗಿನ ಟಾರ್ಗೆಟ್ ನಂಬರು ಮತ್ತು ಲನ್ ನಂಬರಿನಿಂದ ಕಟ್ಟುತ್ತದೆ. ಒಂದನೇ ಟಾರ್ಗೆಟ್, ಒಂದನೇ ನಂಬರಿನ ಲನ್ ಆದರೆ ಗುರುತಿನ ಕೊನೆಯಲ್ಲಿ 00010001. ಯಾವ ಊರಿನ ಯಾವ ಸರ್ವರ್ ಆದರೂ ಅದೇ. ಗೋಕಾಕದಲ್ಲೊಂದು, ಹುಕ್ಕೇರಿಯಲ್ಲೊಂದು ಇಂಥ ಪೆಟ್ಟಿಗೆ ಕಟ್ಟಿ, ಎರಡನ್ನೂ ಒಂದೇ ಸರ್ವರಿಗೆ ಜೋಡಿಸಿದರೆ ಎರಡೂ ತಮ್ಮ ಹೆಸರು ಒಂದೇ ಎನ್ನುತ್ತವೆ. ಐಕ್ಯೂಎನ್ ಬೇರೆ, ಐಪಿ ಬೇರೆ, ಡೇಟಾ ಬೇರೆ. ಮಲ್ಟಿಪಾತ್ ಮಾತ್ರ ಇವು ಒಂದೇ ಡಿಸ್ಕಿನ ಎರಡು ದಾರಿ ಎಂದು ತಿಳಿದು ಒಂದು ಬರಹವನ್ನು ಇಲ್ಲಿಗೆ, ಮುಂದಿನದನ್ನು ಅಲ್ಲಿಗೆ ಕಳಿಸಬಲ್ಲದು. ಗಾತ್ರವೂ ಒಂದೇ ಇದ್ದರಂತೂ ಹಿಡಿಯುವುದು ಕಷ್ಟ. ಪ್ರತಿ ಲನ್ನಿಗೂ ಕೈಯಾರೆ ಬೇರೆ ಗುರುತು ಕೊಡುವುದೇ ಇದಕ್ಕೆ ಮದ್ದು; ಸಂರಚನೆಯಲ್ಲಿ ಒಂದು ಸಾಲು, ಅಷ್ಟೇ. ಟಾರ್ಗೆಟ್ ಹೆಸರನ್ನು ಕಡೆಗಣಿಸಿ ಡಿಸ್ಕಿನ ಗುರುತನ್ನು ಮಾತ್ರ ನಂಬಬೇಕು ಎನ್ನುವ ತಜ್ಞರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಮೂರನೆಯ ಪಂಥದವರು ಡಿಸ್ಕಿನ ಹೆಸರೂ ಬೇಡ, ದಾರಿಯ ಹೆಸರೂ ಬೇಡ, ಒಳಗಿನ ಫೈಲ್‌ಸಿಸ್ಟಮಿನ ಯುಯುಐಡಿ ಎಂಬ ಗುರುತು ಹಿಡಿದು ಮೌಂಟ್ ಮಾಡಿ ಎನ್ನುತ್ತಾರೆ. ದಿನನಿತ್ಯದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಜೊತೆಗೆ, ಇದು ನೆಟ್‌ವರ್ಕ್ ಬಂದ ಮೇಲೆ ಮೌಂಟ್ ಆಗಬೇಕಾದದ್ದು ಎಂಬ ಸೂಚನೆ ಎಫ್‌ಎಸ್‌ಟ್ಯಾಬ್‌ನಲ್ಲಿ ಇರಲಿ; ಇಲ್ಲದಿದ್ದರೆ ಸ್ಟೋರೇಜ್ ತಡವಾದ ದಿನ ಸರ್ವರ್ ಬೂಟಿನಲ್ಲೇ ನಿಂತುಬಿಡುತ್ತದೆ. ಯುಯುಐಡಿಯ ತೊಂದರೆ ಬರುವುದು ಸ್ನಾಪ್‌ಶಾಟ್ ತೆಗೆದಾಗ. ನಕಲು ಎಂದರೆ ಬೈಟಿಗೆ ಬೈಟ್ ನಕಲು, ಯುಯುಐಡಿ ಸಮೇತ. ಮೂಲವೂ ನಕಲೂ ಒಂದೇ ಸರ್ವರಿಗೆ ಬಂದರೆ ಎಕ್ಸ್‌ಎಫ್‌ಎಸ್ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಎಲ್‌ವಿಎಂ ಎಚ್ಚರಿಕೆ ಕೊಡುತ್ತದೆ, ವಿಂಡೋಸ್ ಡಿಸ್ಕನ್ನು ಆಫ್‌ಲೈನ್ ಇಡುತ್ತದೆ. ಈ ಹಟಮಾರಿತನಕ್ಕೆ ಬೈದುಕೊಳ್ಳುವವರು ಬಹಳ ಜನ. ಇವು ಹಟ ಹಿಡಿಯದೆ ಒಪ್ಪಿಕೊಂಡಿದ್ದರೆ ನಕಲಿನ ಮೇಲೆ ಬರೆಯುತ್ತಿದ್ದೇವೆ ಎಂದು ಮೂಲವನ್ನೇ ಅಳಿಸುವ ದಾರಿ ತೆರೆದಿರುತ್ತಿತ್ತು.

ವಿಂಡೋಸಿನಲ್ಲಿ ಎಸ್‌ಡಿಬಿಯ ಜಾಗದಲ್ಲಿ ಡಿಸ್ಕ್ 1, ಡಿಸ್ಕ್ 2. ಪವರ್‌ಶೆಲ್‌ನಲ್ಲಿ ಐಸ್ಕಸಿ ಸೆಷನ್ ಕೇಳಿ ಅದನ್ನು ಡಿಸ್ಕ್ ಕಮಾಂಡಿಗೆ ದಾಟಿಸಿದರೆ ಜೋಡಿ ಸಿಗುತ್ತದೆ. ವಿಎಂವೇರ್ ಡಿಸ್ಕಿನ ಸ್ವಂತ ಗುರುತನ್ನೇ ಮುಂದಿಟ್ಟುಕೊಂಡಿದೆ. ಅವುಗಳ ಬಗ್ಗೆ ಇಷ್ಟು ಸಾಕು.

ಈ ಪ್ರಶ್ನೆ ಕರ್ನಾಟಕದಲ್ಲಿಯೇ ದೊಡ್ಡದಾಗಿ ಎದ್ದುನಿಂತ ಒಂದು ಪ್ರಸಂಗವಿದೆ. ಬೆಂಗಳೂರಿನ ಕ್ಲೌಡ್‌ಬೈಟ್ ಕಂಪನಿ, ಮುಂದೆ ಮಾಯಾಡೇಟಾ ಆದದ್ದು, ಓಪನ್‌ಇಬಿಎಸ್ ಎಂಬ ಮುಕ್ತ ಸಾಫ್ಟ್‌ವೇರನ್ನು ಕಟ್ಟಿತು. ಕುಬರ್ನೆಟೀಸ್ ಕ್ಲಸ್ಟರುಗಳಲ್ಲಿ ಓಡುವ ಅಪ್ಲಿಕೇಶನ್‌ಗಳಿಗೆ ಡಿಸ್ಕ್ ಒದಗಿಸುವುದು ಅದರ ಕೆಲಸ. 2019ರಲ್ಲಿ ಅದು ಸಿಎನ್‌ಸಿಎಫ್ ಪ್ರತಿಷ್ಠಾನದ ಯೋಜನೆಯಾಯಿತು. ಅದರ ಮೊದಲ ಎರಡು ಎಂಜಿನ್‌ಗಳು, ಜೀವಾ ಮತ್ತು ಸಿಸ್ಟೋರ್, ಐಸ್ಕಸಿಯನ್ನೇ ಬಳಸುತ್ತಿದ್ದವು. ಒಬ್ಬ ಬಳಕೆದಾರ ಐದು ಜಿಬಿ ಬೇಕು ಎಂದರೆ ಒಂದು ಹೊಸ ಟಾರ್ಗೆಟ್ ಹುಟ್ಟುತ್ತಿತ್ತು, ಹೆಸರು ಐಕ್ಯೂಎನ್.2016-09.ಕಾಮ್.ಓಪನ್‌ಇಬಿಎಸ್ ಎಂದು ತೊಡಗಿ ಆ ಬೇಡಿಕೆಯ ಉದ್ದನೆಯ ಗುರುತಿನಿಂದ ಮುಗಿಯುತ್ತಿತ್ತು. ಇಲ್ಲಿ ಒಂದು ಟಾರ್ಗೆಟ್ಟಿಗೆ ಒಂದೇ ಡಿಸ್ಕ್ ಎಂಬುದು ಊಹೆಯಾಗಿ ಉಳಿಯದೆ ವಿನ್ಯಾಸವೇ ಆಯಿತು. ಅಪ್ಲಿಕೇಶನ್ ಓಡುವ ಯಂತ್ರದಲ್ಲಿ ಕುಬರ್ನೆಟೀಸ್ ಆ ಟಾರ್ಗೆಟ್‌ಗೆ ಲಾಗಿನ್ ಆಗಿ, ನಾವು ಮೇಲೆ ನೋಡಿದ ಬೈ-ಪಾತ್ ಕೊಂಡಿ ಕಾಣಿಸಿಕೊಳ್ಳುವ ತನಕ ಕಾದು, ಅದನ್ನೇ ಹಿಡಿದು ಮೌಂಟ್ ಮಾಡುತ್ತಿತ್ತು. ಎಸ್‌ಡಿ ಅಕ್ಷರ ಯಾವುದು ಎಂದು ಮನುಷ್ಯರು ಯಾರೂ ನೋಡುತ್ತಲೇ ಇರಲಿಲ್ಲ.

ಹೀಗೆ ಮೇಲಿನ ಜೋಡಿ ಸರಿಹೋಯಿತು, ತೊಡಕು ಕೆಳಗೆ ಉಳಿಯಿತು. ಡೇಟಾ ಕೊನೆಗೆ ಕೂರುವುದು ಯಂತ್ರಗಳಲ್ಲಿರುವ ನಿಜವಾದ ಡಿಸ್ಕ್‌ಗಳ ಮೇಲೆ. ಅವನ್ನು ಗುರುತಿಸಲು ಓಪನ್‌ಇಬಿಎಸ್ ತಂಡ ನೋಡ್ ಡಿಸ್ಕ್ ಮ್ಯಾನೇಜರ್ ಎಂಬ ಬೇರೆ ಅಂಗವನ್ನೇ ಬರೆಯಬೇಕಾಯಿತು. ಡಿಸ್ಕಿನ ಜಾಗತಿಕ ಗುರುತು, ಮಾಡೆಲ್, ಸೀರಿಯಲ್ ನಂಬರು, ತಯಾರಕರ ಹೆಸರು ಇವನ್ನೆಲ್ಲ ಕಲಸಿ ಒಂದು ಹ್ಯಾಶ್ ತೆಗೆದು ಅದನ್ನೇ ಹೆಸರಾಗಿಸುವುದು ಮೊದಲ ವಿಧಾನ. ಗಟ್ಟಿ ಡಿಸ್ಕ್‌ಗಳಿಗೆ ಇದು ಸರಿಹೋಯಿತು. ಕ್ಲೌಡಿನ ವರ್ಚುವಲ್ ಡಿಸ್ಕ್‌ಗಳಲ್ಲಿ ಎಷ್ಟೋ ಸಲ ಸೀರಿಯಲ್ ನಂಬರೇ ಖಾಲಿ. ಅಂಥವಕ್ಕೆ ಯಂತ್ರದ ಹೆಸರನ್ನೂ ಡಿವೈಸಿನ ಹೆಸರನ್ನೂ ಸೇರಿಸಿದರು. ಹೊರಗೆ ಅಟ್ಟಿದ್ದ ಎಸ್‌ಡಿಬಿ ಹಿಂಬಾಗಿಲಿನಿಂದ ಒಳಗೆ ಬಂತು, ಸರದಿ ಬದಲಾದಾಗ ಗುರುತೂ ಬದಲಾಯಿತು. ಮುಂದಿನ ವಿಧಾನದಲ್ಲಿ ಬೇರೆ ಹಾದಿ ಹಿಡಿದರು: ಡಿಸ್ಕ್ ತನ್ನ ಗುರುತು ಹೇಳಿದರೆ ಅದನ್ನೇ ಒಪ್ಪು, ಇಲ್ಲವಾದರೆ ಮೇಲಿನ ಫೈಲ್‌ಸಿಸ್ಟಮಿನ ಯುಯುಐಡಿ ನೋಡು, ಅದೂ ಇಲ್ಲವಾದರೆ ಖಾಲಿ ಡಿಸ್ಕಿನ ಮೇಲೆ ನೀನೇ ಒಂದು ಪಾರ್ಟಿಷನ್ ಹಾಕಿ ಅದರ ಯುಯುಐಡಿ ತೆಗೆದುಕೋ. ಹೆಸರಿಲ್ಲದವನಿಗೆ ಹೆಸರಿಟ್ಟು ಆಮೇಲೆ ಆ ಹೆಸರಿನಿಂದ ಕರೆಯುವುದು! ಈ ವಿಷಯದಲ್ಲಿ ಬಂದ ಪರಿಹಾರಗಳಲ್ಲಿ ನನಗೆ ತೀರ ಪ್ರಾಮಾಣಿಕ ಎನಿಸುವುದು ಇದು.

ದೊಡ್ಡ ಕ್ಲಸ್ಟರಿನ ಮಾತು ಬದಿಗಿಟ್ಟು, ನಾಲ್ಕು ಡಿಸ್ಕಿನ ಒಂದು ಪೆಟ್ಟಿಗೆ, ಒಂದೆರಡು ಸರ್ವರು ಇಟ್ಟುಕೊಂಡ ತಾಲ್ಲೂಕು ಮಟ್ಟದ ಸೊಸೈಟಿಗೋ ಕಾಲೇಜಿಗೋ ಲ್ಯಾಬಿಗೋ ಇದರಿಂದ ಬೇಕಾದದ್ದು ಸ್ವಲ್ಪ. ಟಾರ್ಗೆಟ್ ಹೆಸರಿನ ಕೋಲನ್ ಆಚೆ ಊರು, ಶಾಖೆ, ಅಧಿಕಾರಿಯ ಹುದ್ದೆ ಬರೆಯದಿರುವುದು ಕ್ಷೇಮ. 2017ರಲ್ಲಿ ಮೂಡಲಗಿಯ ಕಡತಗಳಿಗೆ ಗೋಕಾಕ ಎಂದು ಹೆಸರಿಟ್ಟವರು ಮರುವರ್ಷವೇ ಅದನ್ನು ವಿವರಿಸುತ್ತ ಕೂರಬೇಕಾಗುತ್ತಿತ್ತು. ಓಡುತ್ತಿರುವ ಟಾರ್ಗೆಟ್ಟಿನ ಹೆಸರು ಬದಲಿಸುವುದೆಂದರೆ ಎಲ್ಲ ಸರ್ವರುಗಳನ್ನೂ ಬಿಡಿಸಿ ಮತ್ತೆ ಕೂಡಿಸುವುದು. ಒಂದು ಟಾರ್ಗೆಟ್ಟಿಗೆ ಒಂದೇ ಲನ್ ಇಡಿ. ರಿಜಿಸ್ಟರಿನಲ್ಲಿ ಐಕ್ಯೂಎನ್, ಲನ್, ಡಿಸ್ಕಿನ ಸ್ವಂತ ಗುರುತು, ಫೈಲ್‌ಸಿಸ್ಟಮಿನ ಯುಯುಐಡಿ, ಗಾತ್ರ, ತಾರೀಖು ಇರಲಿ. ಎಸ್‌ಡಿಬಿಗೆ ಅಲ್ಲಿ ಕಾಲಮ್ ಬೇಡ. ಗಾತ್ರವನ್ನು ಬೇಕೆಂದೇ ಬೇರೆ ಬೇರೆ ಇಡುವುದು, ಒಂದು 500 ಜಿಬಿ ಆದರೆ ಇನ್ನೊಂದು 510, ಪುಸ್ತಕದಲ್ಲಿ ಸಿಗದ ಹಳ್ಳಿ ಉಪಾಯ. ಫಾರ್ಮ್ಯಾಟ್ ಮಾಡುವ ಮುಂಚಿನ ಕೊನೆಯ ಗಳಿಗೆಯಲ್ಲಿ ಕಣ್ಣಿಗೆ ಬೀಳುವುದು ಗಾತ್ರವೇ.

ಐಸ್ಕಸಿಯ ಜಾಗಕ್ಕೆ ಈಗ ನೆಟ್‌ವರ್ಕಿನ ಮೇಲಿನ ಎನ್‌ವಿಎಂಇ ಬರುತ್ತಿದೆ. ಅದರ ಮೊದಲ ನಿಯಮಾವಳಿ 2016ರದು. ಓಪನ್‌ಇಬಿಎಸ್ ಕೂಡ ಜೀವಾ, ಸಿಸ್ಟೋರ್‌ಗಳನ್ನು ಬದಿಗಿಟ್ಟು ಎನ್‌ವಿಎಂಇ ಬಳಸುವ ಮಾಯಾಸ್ಟೋರ್ ಕಡೆಗೆ ಸರಿದಿದೆ. ಹೆಸರಿನ ಪದ್ಧತಿ ಹಳೆಯದೇ: ಐಕ್ಯೂಎನ್ ಇದ್ದಲ್ಲಿ ಎನ್‌ಕ್ಯೂಎನ್, ಅದೇ ವರ್ಷ-ತಿಂಗಳು, ಅದೇ ಹಿಂದುಮುಂದಾದ ಡೊಮೈನ್, ಅದೇ 223 ಬೈಟ್. ಲನ್ ಬದಲು ನೇಮ್‌ಸ್ಪೇಸ್, ಅದಕ್ಕೊಂದು 128 ಬಿಟ್ಟಿನ ಜಾಗತಿಕ ಗುರುತು. ಆ ಗುರುತು ಲೋಕದಲ್ಲಿ ಬೇರಾವುದಕ್ಕೂ ಇರಬಾರದೆಂದು ನಿಯಮ ಹೇಳುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಎಸ್‌ಎಸ್‌ಡಿಗಳ ಕೆಲವು ತಯಾರಕರು ಒಂದೇ ಗುರುತನ್ನು ಎಲ್ಲ ತುಣುಕುಗಳಿಗೂ ಒತ್ತಿ ಕಳಿಸಿದ್ದರು. ಒಂದು ಯಂತ್ರಕ್ಕೆ ಅಂಥ ಎರಡನ್ನು ಹಾಕಿದಾಗ ಹೊಸ ಲಿನಕ್ಸ್ ಕರ್ನಲ್ ಎರಡನೆಯದನ್ನು ಒಳಗೆ ಬಿಡಲಿಲ್ಲ. ಬಳಕೆದಾರರ ದೂರುಗಳ ಮೇಲೆ, ಇಂಥ ಮಾಡೆಲ್ ಹೇಳುವ ಗುರುತನ್ನು ನಂಬಬೇಡ ಎಂಬ ಪಟ್ಟಿಯೊಂದು ಕರ್ನಲ್ಲಿನ ಎನ್‌ವಿಎಂಇ ಡ್ರೈವರಿನಲ್ಲಿ ಸೇರಿಕೊಂಡಿತು, ಸೇರಿದ ಮೇಲೆ ಒಂದೊಂದೇ ಸಾಲು ಬೆಳೆಯುತ್ತ ಬಂದಿದೆ.